ಗೂಬೆಗೆ ಟಿಕ್ ಹಾಕಿದ ಹುಡುಗ

ಸಂಪಾದಕರಿಗೆ ನಮಸ್ಕಾರ.

ಮಕ್ಕಳು ಮೊಬೈಲ್ ಬಿಟ್ಟು ಮನೆಯಿಂದ ಹೊರಗೆ ಕಾಲಿಡುವುದಿಲ್ಲ ಅಂತ ದೂರುವ ಪತ್ರಗಳು ನಿಮ್ಮ ಈ ಅಂಕಣದಲ್ಲಿ ಆಗಾಗ ಬರುತ್ತವೆ. ನನ್ನದು ಅದರ ಮುಂದಿನ ದೂರು. ಹೇಗೋ ಹೊರಗೆ ಬಂದ ಮಕ್ಕಳ ಕೈಗೆ ನಾವು ಎಂಥಾ ಪುಸ್ತಕ ಕೊಡುತ್ತಿದ್ದೇವೆ ಅನ್ನುವುದು. ಪತ್ರ ಸ್ವಲ್ಪ ಉದ್ದವಾಯಿತು, ಕತ್ತರಿಸುವುದಾದರೆ ಕತ್ತರಿಸಿ, ಆದರೆ ಕೊನೆಯಲ್ಲಿ ಒಂದು ಕೋರಿಕೆ ಇದೆ, ಅದನ್ನು ಮಾತ್ರ ಬಿಡಬೇಡಿ.

ನಾನು 27 ವರ್ಷ ಒಂದನೇ, ಎರಡನೇ ಕ್ಲಾಸಿಗೆ ಪಾಠ ಮಾಡಿದವಳು. ಈಗ ನಿವೃತ್ತಿಯಾಗಿದೆ. ಮನೆ ಬಸವನಗುಡಿಯಲ್ಲಿ. ಹಳೇ ಸಹೋದ್ಯೋಗಿಗಳು ಮಕ್ಕಳನ್ನು ಲಾಲ್‌ಬಾಗಿಗೆ ಕರೆತಂದಾಗಲೆಲ್ಲ ನನಗೂ ಫೋನ್ ಮಾಡುತ್ತಾರೆ, ನಾನೂ ಮೊಮ್ಮಗಳನ್ನು ಕಟ್ಟಿಕೊಂಡು ಹೋಗುತ್ತೇನೆ.

ಎರಡು ವರ್ಷದ ಹಿಂದೆ ಹೀಗೇ ಹೋದಾಗ ಯಾವುದೋ ಒಂದು ಸಂಸ್ಥೆಯವರು ಮಕ್ಕಳಿಗೆಲ್ಲ ಒಂದೊಂದು ಚಟುವಟಿಕೆ ಪುಸ್ತಕ ಹಂಚಿದರು. ಹೆಸರು ಹೇಳುವುದಿಲ್ಲ, ಅವರ ಮನಸ್ಸು ಒಳ್ಳೆಯದೇ ಇತ್ತು. 24 ಪುಟ, ಫಳಫಳ ಹೊಳೆಯುವ ಕಾಗದ, ಬಣ್ಣಬಣ್ಣದ ಚಿತ್ರ. ಮಕ್ಕಳು ಕುಣಿದುಬಿಟ್ಟರು. ಮೊದಲ ಪುಟದಲ್ಲೇ ಒಂದು ಅಳಿಲು. ಕೆಂಚು ಬಣ್ಣ, ಪೊದೆಯಂಥ ಬಾಲ, ಕೈಯಲ್ಲಿ ಓಕ್ ಮರದ ಕಾಯಿ. ನನ್ನ ಪಕ್ಕದಲ್ಲಿ ಕೂತಿದ್ದ ಹುಡುಗಿ ಅದನ್ನು ನೋಡಿ, ತಲೆ ಎತ್ತಿ ಮರದ ಮೇಲಿದ್ದ ಅಳಿಲನ್ನು ನೋಡಿ, ಮತ್ತೆ ಪುಸ್ತಕ ನೋಡಿ, "ಮಿಸ್, ಇದಕ್ಕೆ ಗೆರೆನೇ ಇಲ್ಲ, ರಾಮ ಸವರಲೇ ಇಲ್ವಾ?" ಅಂದಳು. ನಾನು ಏನು ಹೇಳಲಿ? ನಮ್ಮ ಅಳಿಲಿಗೆ ಬೆನ್ನ ಮೇಲೆ ಮೂರು ಗೆರೆ, ಅದರ ಹಿಂದೆ ಸೇತುವೆ ಕಟ್ಟಿದ ಕಥೆ, ಕಥೆ ಮನೆಮನೆಯಲ್ಲೂ ಗೊತ್ತು. ಪುಸ್ತಕ ಬರೆದವರಿಗೆ ಮಾತ್ರ ಚಿತ್ರ ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಕ್ಕಿತ್ತು ಅಂತ ಕಾಣುತ್ತದೆ.

ಮುಂದೆ ಹೋದರೆ ಕರಡಿಗೆ ಜೇನಿನ ಹತ್ತಿರ ದಾರಿ ತೋರಿಸಿ, ಅಕ್ಷರಗಳ ಚೌಕದಲ್ಲಿ ಪ್ರಾಣಿಗಳ ಹೆಸರು ಹುಡುಕಿ, ಹಿಮದ ಮನುಷ್ಯನಿಗೆ ಬಣ್ಣ ಹಚ್ಚಿ. ಇದನ್ನೆಲ್ಲ ಮನೆಯ ಸೋಫಾದ ಮೇಲೆ ಕೂತೂ ಮಾಡಬಹುದಲ್ವಾ, ಲಾಲ್‌ಬಾಗಿಗೆ ಯಾಕೆ ಬರಬೇಕಿತ್ತು? ಇನ್ನೊಂದು ತಮಾಷೆ, ಆ ಹೊಳೆಯುವ ಕಾಗದದ ಮೇಲೆ ಪೆನ್ಸಿಲ್ ಹತ್ತುವುದೇ ಇಲ್ಲ. ಕ್ರೇಯಾನ್ ಜಾರುತ್ತದೆ. ಮಕ್ಕಳು ಒತ್ತಿ ಒತ್ತಿ ಪೆನ್ಸಿಲ್ ಮೊನೆ ಮುರಿದುಕೊಂಡು ನನ್ನ ಹತ್ತಿರ ಸಾಲು ನಿಂತರು. ಆ ದಿನ ಅರ್ಧ ಗಂಟೆ ನಾನು ಮೆಂಡರ್ ಹಿಡಿದು ಪೆನ್ಸಿಲ್ ಚೂಪು ಮಾಡಿದ್ದೇ ಮಾಡಿದ್ದು. 32 ಮಕ್ಕಳು ತಲೆ ಬಗ್ಗಿಸಿ ಪುಸ್ತಕದಲ್ಲಿ ಮುಳುಗಿದ್ದಾರೆ, ತಲೆಯ ಮೇಲೆ ಗಿಳಿಗಳ ಹಿಂಡು ಕಿರುಚಿಕೊಂಡು ಹೋಗುತ್ತಿದೆ, ಒಬ್ಬರೂ ನೋಡಲಿಲ್ಲ.

ಟೀಕೆ ಮಾಡುವುದು ಸುಲಭ ಅಂತ ನನಗೂ ಗೊತ್ತು. ಅದಕ್ಕೇ ನಾನೇ ಒಂದು ಮಾಡಿ ನೋಡೋಣ ಅಂತ ಹೊರಟೆ. ಸಂಪಾದಕರೇ, ನನ್ನ ಮೊದಲ ಪುಸ್ತಕ ಅವರದಕ್ಕಿಂತ ಕೆಟ್ಟದಾಗಿತ್ತು.

ಹುಡುಕಿ ಟಿಕ್ ಹಾಕಿ ಅಂತ ಒಂದು ಪುಟ ಮಾಡಿದ್ದೆ. 12 ಚಿತ್ರ, 12 ಚೌಕ. ಅಳಿಲು, ಗಿಳಿ, ಚಿಟ್ಟೆ, ಜೇಡ, ಓತಿಕ್ಯಾತ, ಅಂದಕ್ಕೆ ಇರಲಿ ಅಂತ ಕೊನೆಯಲ್ಲಿ ಒಂದು ಗೂಬೆ. ಎರಡೇ ನಿಮಿಷದಲ್ಲಿ ಒಬ್ಬ ಹುಡುಗ ಓಡಿ ಬಂದ, 12ಕ್ಕೆ 12 ಟಿಕ್. "ಗೂಬೆ ಎಲ್ಲಿ ನೋಡಿದೆಯೋ?" ಅಂದೆ. "ಪುಸ್ತಕದಲ್ಲೇ ಇದೆಯಲ್ಲ ಮಿಸ್" ಅಂದ. ಅವನ ತಪ್ಪೇನಿಲ್ಲ. ಹುಡುಕು ಅಂದೆ, ಹುಡುಕಿದ. ಎಲ್ಲಿ ಹುಡುಕಬೇಕು ಅಂತ ನಾನು ಹೇಳಿರಲಿಲ್ಲ. ಮೇಲಾಗಿ ಮೊದಲು ಮುಗಿಸಿದವರಿಗೆ ಚಾಕೊಲೇಟ್ ಅಂತ ಬೇರೆ ಆಸೆ ತೋರಿಸಿದ್ದೆ! ಓಡದೆ ಇನ್ನೇನು ಮಾಡುತ್ತಾರೆ?

ಎರಡನೇ ತಪ್ಪು ಇನ್ನೂ ನಾಚಿಕೆಯದು. ಜನವರಿಯಲ್ಲಿ ಕೂತು ಪುಸ್ತಕ ಬರೆದೆ. ಆಗ ಗುಲಾಬಿ ಟಬೂಬಿಯಾ ಹೂ ಬಿಟ್ಟು ನೆಲವೆಲ್ಲ ಹಾಸಿತ್ತು, ಅದರ ಮೇಲೇ ಎರಡು ಪುಟ ಖರ್ಚು ಮಾಡಿದೆ. ಉದುರಿದ ಹೂ ಆರಿಸಿ ಅಂಟಿಸಿ ಅಂತ ಚೌಕ ಬೇರೆ. ಶಾಲೆಯವರು ಬಂದಿದ್ದು ಜುಲೈನಲ್ಲಿ. ಒಂದು ಹೂವಿಲ್ಲ. ಜಿಟಿಜಿಟಿ ಮಳೆ, ಮಕ್ಕಳೆಲ್ಲ ಖಾಲಿ ಚೌಕ ತೋರಿಸಿ "ಹೂ ಎಲ್ಲಿ ಮಿಸ್" ಅಂತ ಕೇಳಿದವು. ಕೊನೆಗೆ ಯಾರೋ ಒಬ್ಬಳು ಬೇಲಿಯೊಳಗಿನ ದಾಸವಾಳ ಕಿತ್ತು ತಂದಳು, ತೋಟದ ಮಾಲಿ ಬೈದರು, ಬೈಸಿಕೊಂಡವಳು ನಾನು.

ಆಮೇಲೆ ಬುದ್ಧಿ ಬಂತು. ಹೂವು, ಹಣ್ಣು, ಹಕ್ಕಿ ಇವನ್ನು ನಂಬಿ ಪುಟ ಕಟ್ಟಬಾರದು. ವರ್ಷದ ಯಾವ ದಿನ ಹೋದರೂ ಇದ್ದೇ ಇರುವುದು ಏನು? ತೊಗಟೆ. ಕಲ್ಲು. ಉದುರಿದ ಎಲೆ. ಇರುವೆ. ನೆರಳು. ಸದ್ದು. ಇಷ್ಟರಿಂದಲೇ ಎಂಟು ಪುಟ ತುಂಬುತ್ತದೆ, ನಿಜವಾಗಿ ಹೇಳಬೇಕೆಂದರೆ ಜಾಸ್ತಿಯೇ ಆಗುತ್ತದೆ. ಹೂವಿಗೆ ಒಂದೇ ಒಂದು ಖಾಲಿ ಪುಟ ಬಿಟ್ಟಿದ್ದೇನೆ, ಇವತ್ತು ಕಂಡದ್ದನ್ನು ಬಿಡಿಸು ಅಂತ. ನಾಗಲಿಂಗದ ಮರದ ಹತ್ತಿರ ಹೋದರೆ ಸಾಮಾನ್ಯವಾಗಿ ಏನಾದರೊಂದು ಸಿಗುತ್ತದೆ. ಕೊಂಬೆಯಲ್ಲಿ ಬಿಡದೆ ಕಾಂಡದಿಂದಲೇ ಇಳಿಬಿದ್ದ ಹೂವು ನೋಡಿ ಮಕ್ಕಳು ಬೆರಗಾಗುತ್ತವೆ. ಅದರ ಕಾಯಿ ಮಾತ್ರ ಫಿರಂಗಿ ಗುಂಡಿನಷ್ಟು, ಕೆಳಗೆ ನಿಲ್ಲಿಸಬೇಡಿ. ಬಿದ್ದು ಒಡೆದ ಕಾಯಿಯ ವಾಸನೆ ಇದೆಯಲ್ಲ, ಅಬ್ಬಾ, ಮೂಗಿಗೊಂದು ಪುಟ ಮಾಡಿದ್ದರೆ ಅದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ.

ಇನ್ನು ಜಾಗ. ಲಾಲ್‌ಬಾಗ್ 240 ಎಕರೆ. ಐದು ವರ್ಷದ ಮಗುವಿನ ಕಾಲಿಗೆ ಅದು ಒಂದು ಜಿಲ್ಲೆ. ದೊಡ್ಡವರು ಪುಸ್ತಕ ಮಾಡಿದರೆ ಗಾಜಿನ ಮನೆ, ಹೂವಿನ ಗಡಿಯಾರ, ಕೆರೆ, ಬೋನ್ಸಾಯ್ ತೋಟ ಎಲ್ಲ ಸೇರಿಸುತ್ತಾರೆ, ಯಾವುದು ಬಿಟ್ಟರೂ ಅವಮಾನ ಅನ್ನುವ ಹಾಗೆ. ಹೈದರಾಲಿ 1760ರಲ್ಲಿ ಶುರು ಮಾಡಿದ್ದು, ಗಾಜಿನ ಮನೆಗೆ ಅಡಿಪಾಯ ಹಾಕಿದ್ದು 1889ರಲ್ಲಿ, ಇದೆಲ್ಲ ನಾವು ತಿಳಿದಿರಬೇಕಾದ ವಿಷಯವೇ. ಆದರೆ ನೂರರವರೆಗೆ ಎಣಿಸಲು ಈಗ ಕಲಿಯುತ್ತಿರುವ ಮಗುವಿಗೆ 1760 ಅಂದರೆ ಏನು? ನಾನು ಎಲ್ಲ ಕಿತ್ತುಹಾಕಿದೆ. ಡಬಲ್ ರೋಡ್ ಕಡೆಯ ಗೇಟಿನಿಂದ ಒಳಗೆ ಬಂದರೆ ಬಂಡೆ, ಬಂಡೆಯ ಮೇಲೆ ಕೆಂಪೇಗೌಡ ಗೋಪುರ, ಅದರ ಕೆಳಗಿನ ನಾಲ್ಕಾರು ಮರ. ಅಷ್ಟೇ ನಮ್ಮ ಪುಸ್ತಕದ ಲೋಕ. ಅಷ್ಟು ಜಾಗಕ್ಕೇ ಒಂದೂವರೆ ಗಂಟೆ ಸಾಲಲಿಲ್ಲ.

ಆ ಬಂಡೆಯ ಪುಟದ ಕಥೆ ಹೇಳಲೇಬೇಕು. ಅದು ಸುಮಾರು 300 ಕೋಟಿ ವರ್ಷದ ಹಳೆಯ ಕಲ್ಲು, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಗುರುತಿಸಿದ್ದಾರೆ. ಮೊದಲ ಸಲ ನಾನು 300 ಕೋಟಿ ಅಂತಲೇ ಬರೆದಿದ್ದೆ. ಒಬ್ಬ ಪುಟಾಣಿ ನನ್ನ ಬಿಳಿ ಕೂದಲು ನೋಡಿ "ನಿಮಗಿಂತ ಜಾಸ್ತಿ ವಯಸ್ಸಾ ಮಿಸ್?" ಅಂತ ಕೇಳಿದ. ಹೌದಪ್ಪ, ಸ್ವಲ್ಪ ಜಾಸ್ತಿ ಅಂದೆ. ಈಗ ಆ ಪುಟದಲ್ಲಿ ಸಂಖ್ಯೆಯೇ ಇಲ್ಲ. ಒಂದು ಅಂಗೈಯ ಚಿತ್ರ ಇದೆ. ಬಿಸಿಲು ಬಿದ್ದ ಕಡೆ ಕೈ ಇಡು, ನೆರಳಿನ ಕಡೆ ಕೈ ಇಡು. ಆಮೇಲೆ ಕಲ್ಲಿನಲ್ಲಿರುವ ಕಪ್ಪು ಬಿಳಿ ಪಟ್ಟೆಗಳ ಮೇಲೆ ಬೆರಳು ಓಡಿಸು, ಪಟ್ಟೆ ಎಲ್ಲಿಗೆ ಹೋಗುತ್ತದೋ ಅಲ್ಲಿಯವರೆಗೆ ನೀನೂ ಹೋಗು. ಕಾಗದದ ಮೇಲೆ ಆ ಪಟ್ಟೆ ಬರೆಯಲು ಖಾಲಿ ಜಾಗ. ಮಕ್ಕಳು ಮೊಣಕಾಲೂರಿ ಆ ಪಟ್ಟೆಗಳ ಹಿಂದೆ ಹೋದದ್ದನ್ನು ನೀವು ನೋಡಬೇಕಿತ್ತು. ವಾಕಿಂಗ್ ಬಂದಿದ್ದ ಒಬ್ಬರು ಏನೋ ಕಳೆದುಹೋಗಿದೆ ಅಂದುಕೊಂಡು ತಾವೂ ಬಗ್ಗಿ ಹುಡುಕತೊಡಗಿದರು.

ಮರಕ್ಕೆ ಬರೋಣ. ಮರದ ಸುತ್ತಳತೆ ಅಳೆಯಿರಿ ಅಂತ ಟೇಪು ಕೊಟ್ಟರೆ ಮಕ್ಕಳು ಟೇಪಿನ ಜೊತೆ ಆಟಕ್ಕಿಳಿಯುತ್ತವೆ. ಅದಕ್ಕೆ ನಮ್ಮ ಹಳೇ ಲೆಕ್ಕವನ್ನೇ ತಂದೆ. ಎಲೆಗೆ ಬೆರಳು, ಬೇರಿಗೆ ಗೇಣು, ಬೆಂಚಿಗೆ ಮೊಳ, ಮರಕ್ಕೆ ಮಾರು. ಎಲ್ಲ ಅಳತೆಕೋಲೂ ಮೈಮೇಲೇ ಇದೆ, ಕಳೆಯುವ ಭಯವಿಲ್ಲ. ದೊಡ್ಡ ಮಳೆಮರದ ಮುಂದೆ ನಿಲ್ಲಿಸಿ, ಇದನ್ನು ತಬ್ಬಲು ಎಷ್ಟು ಜನ ಬೇಕು, ಮೊದಲು ಊಹೆ ಮಾಡಿ ಅಷ್ಟು ಚುಕ್ಕಿ ಇಡಿ ಅಂದೆ. ಒಬ್ಬಳು 3 ಇಟ್ಟಳು. ಒಬ್ಬ ಪುಟ ತುಂಬಾ ಇಟ್ಟ. ಕೈ ಕೈ ಹಿಡಿದು ಸುತ್ತ ನಿಂತಾಗ 7 ಮಕ್ಕಳು ಬೇಕಾದವು, ಏಳನೆಯವನ ಬೆರಳು ಮೊದಲನೆಯವಳ ಬೆರಳಿಗೆ ಬರೀ ತಾಗಿತು. "ಉಸಿರು ಬಿಡಬೇಡ್ರೋ" ಅಂತ ಒಬ್ಬಳ ಆರ್ಡರು. ಊಹೆ ತಪ್ಪಿದವರು ಅಳಿಸಿ 7 ಮಾಡಲು ಹೊರಟರು, ನಾನು ಬೇಡ ಅಂದೆ. ಅಳಿಸುವ ರಬ್ಬರನ್ನೇ ಈಗ ತರಿಸುವುದಿಲ್ಲ.

ತೊಗಟೆಯ ಮೇಲೆ ಕಾಗದ ಇಟ್ಟು ಕ್ರೇಯಾನ್ ಅಡ್ಡ ಉಜ್ಜುವ ಆಟ ಎಲ್ಲರಿಗೂ ಗೊತ್ತಿರುವುದೇ. ಗಮನಿಸಬೇಕಾದ್ದು ಒಂದೇ, ಕಾಗದ ತೆಳ್ಳಗಿರಬೇಕು. ದಪ್ಪ ಕಾಗದದಲ್ಲಿ ಏನೂ ಮೂಡುವುದಿಲ್ಲ.

ಎಲೆಯ ಪುಟದಲ್ಲಿ ಮೊದಲು "ಸುಂದರವಾದ ಎಲೆ ಅಂಟಿಸಿ" ಅಂತಿತ್ತು. ಸುಂದರ ಅಂದ ಕೂಡಲೇ ಮಕ್ಕಳ ಕೈ ಹಸಿರು ಎಲೆಗೇ ಹೋಗುತ್ತದೆ, ಕೀಳುತ್ತವೆ. ಈಗ "ಯಾರೋ ತಿಂದ ಎಲೆ ಹುಡುಕು" ಅಂತ ಬದಲಾಯಿಸಿದ್ದೇನೆ. ಹೊಂಗೆ ಮರದ ಕೆಳಗೆ ಹೋದರೆ ತೂತು ಬಿದ್ದ ಎಲೆ, ಗಂಟು ಗಂಟಾದ ಎಲೆ ಬೇಕಾದಷ್ಟು ಬಿದ್ದಿರುತ್ತದೆ. ಯಾರು ತಿಂದದ್ದು? ಎಲ್ಲಿಂದ ಶುರು ಮಾಡಿತು? ಪೂರ್ತಿ ಯಾಕೆ ತಿನ್ನಲಿಲ್ಲ? "ಅದರಮ್ಮ ಕರೆದಿರಬೇಕು" ಅಂತ ಒಬ್ಬ ಹೇಳಿದ. ಉತ್ತರ ತಪ್ಪಿರಬಹುದು, ಆದರೆ ಅವನು ಆ ಎಲೆಯನ್ನು ಐದು ನಿಮಿಷ ಕೈಯಲ್ಲಿ ತಿರುಗಿಸಿ ನೋಡಿದ್ದ. ನನಗೆ ಬೇಕಿದ್ದದ್ದು ಅದೇ.

ಇರುವೆ ಪುಟಕ್ಕೆ ಮಾವಿನ ಮರದ ಕೆಂಪಿರುವೆ. ನಮ್ಮ ಮಲೆನಾಡಿನ ಕಡೆ ಚಗಳಿ ಅನ್ನುತ್ತೇವೆ. ಹಸಿ ಎಲೆಗಳನ್ನು ಸೇರಿಸಿ ಹೊಲಿದು ಚೆಂಡಿನಂಥ ಗೂಡು ಮಾಡುತ್ತವೆ. ಹೊಲಿದಿವೆ ಅಂದ ಕೂಡಲೇ "ಸೂಜಿ ಎಲ್ಲಿದೆ?" ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ದೊಡ್ಡ ಇರುವೆಗಳು ತಮ್ಮ ಮರಿಹುಳುಗಳನ್ನು ಬಾಯಲ್ಲಿ ಹಿಡಿದು ಆ ಕಡೆ ಈ ಕಡೆ ಆಡಿಸುತ್ತವೆ, ಮರಿಹುಳುವಿನ ಬಾಯಿಂದ ರೇಷ್ಮೆಯಂಥ ನೂಲು ಬರುತ್ತದೆ, ಅದೇ ಸೂಜಿ ಅದೇ ದಾರ. ಇದನ್ನು ಹೇಳಿದ ಮೇಲೆ ಗೂಡಿನಿಂದ ಮಕ್ಕಳನ್ನು ಎಳೆದು ತರುವುದೇ ಕಷ್ಟ. ದೂರದಿಂದಲೇ ತೋರಿಸಿ, ಕಚ್ಚಿದರೆ ಉರಿ ಜೋರು. ಹಾಗೇ ಮರಗಳಲ್ಲಿ ಹೆಜ್ಜೇನು ಕಟ್ಟಿರುತ್ತದೆ, ಮಕ್ಕಳನ್ನು ಕೂರಿಸುವ ಮೊದಲು ಒಮ್ಮೆ ಮೇಲೆ ನೋಡಿಬಿಡಿ.

ಸದ್ದಿನ ಪುಟ ನನಗೆ ಎಲ್ಲಕ್ಕಿಂತ ಇಷ್ಟ. ಅದರಲ್ಲಿ ನಡುವೆ ಕಣ್ಣು ಮುಚ್ಚಿ ಕೂತ ಒಂದು ಮಗುವಿನ ಚಿತ್ರ, ಸುತ್ತ ಖಾಲಿ. ಎರಡು ನಿಮಿಷ ಸುಮ್ನೆ ಕೂರಬೇಕು, ಎಡಗಡೆ ಸದ್ದಾದರೆ ಎಡಕ್ಕೊಂದು ಗುರುತು, ಹಿಂದೆ ಆದರೆ ಹಿಂದೆ. 30 ಮಕ್ಕಳು ಎರಡು ನಿಮಿಷ ಸುಮ್ಮನಿರುತ್ತಾರೆ ಅಂದರೆ ಕ್ಲಾಸ್ ಟೀಚರೇ ನಂಬಲಿಲ್ಲ. "ಕುಟ್ರು ಕುಟ್ರು" ಅಂತ ಕೂಗುವ ಹಕ್ಕಿಯ ಹೆಸರೇ ಕುಟ್ರ ಹಕ್ಕಿ ಅಂತ ಆಮೇಲೆ ಹೇಳಿದಾಗ, ಹಾಗಾದರೆ ಕಾಗೆಗೆ ಯಾಕೆ ಕಾಕಾ ಅಂತ ಹೆಸರಿಟ್ಟಿಲ್ಲ ಅಂತ ದೊಡ್ಡ ಚರ್ಚೆಯಾಯಿತು. ಒಬ್ಬ ಹುಡುಗನ ಪುಟದಲ್ಲಿ ಹಕ್ಕಿಯೇ ಇರಲಿಲ್ಲ, ಬರೀ ಬಸ್ಸಿನ ಹಾರನ್ನು. ಡಬಲ್ ರೋಡ್ ಪಕ್ಕದಲ್ಲೇ ಇದೆ, ಪಾಪ, ಅವನು ಕೇಳಿದ್ದನ್ನೇ ಬರೆದ.

ಭಾಷೆಯ ವಿಷಯದಲ್ಲಿ ಒಂದು ಮಾತು. ಕನ್ನಡದಲ್ಲಿರಲಿ ಅಂತ ನಾನು ಹಟ ಹಿಡಿದಿದ್ದೆ, ಈಗಲೂ ಹಿಡಿದಿದ್ದೇನೆ. ಆದರೆ ಬೆಂಗಳೂರಿನ ಒಂದು ಕ್ಲಾಸಿನಲ್ಲಿ ಐದಾರು ಮನೆಮಾತು ಇರುತ್ತವೆ. ಪ್ರತಿ ಚಿತ್ರದ ಕೆಳಗೆ ಕನ್ನಡದ ಹೆಸರು ಹಾಕಿ, ಅದರ ಕೆಳಗೆ "ನಿಮ್ಮ ಮನೆಯಲ್ಲಿ ಇದಕ್ಕೆ ಏನಂತೀರಿ?" ಅಂತ ಒಂದು ಗೆರೆ ಎಳೆದೆ. ಅಳಿಲು ಅಂದೆ ನಾನು. ಉಡುತ ಅಂತ ಒಬ್ಬಳು, ಅಣಿಲ್ ಅಂತ ಒಬ್ಬ, ಗಿಲಹರಿ ಅಂತ ಮತ್ತೊಬ್ಬಳು. ಅಷ್ಟು ಹೊತ್ತೂ ಬಾಯಿ ಬಿಡದೆ ಹಿಂದೆ ನಿಂತಿದ್ದ ಹುಡುಗಿ ಅವತ್ತು ಮೊದಲ ಸಲ ಮಾತಾಡಿದಳು ಅಂತ ಟೀಚರ್ ಹೇಳಿದರು. ಲ್ಯಾಟಿನ್ ಹೆಸರು ಮರದ ಮೇಲಿನ ಬೋರ್ಡಿನಲ್ಲಿ ಇದೆ, ಇರಲಿ. ಅದನ್ನು ಮಕ್ಕಳಿಂದ ನಕಲು ಬರೆಸುವುದು ಬೇಡ.

ಇನ್ನು ಓದಲು ಬಾರದ ಮಕ್ಕಳು. ನಾಲ್ಕೈದು ವರ್ಷದವರಿಗೆ ಸೂಚನೆ ಬರೆದರೆ ಟೀಚರ್ ಒಬ್ಬರೇ 30 ಸಲ ಓದಿ ಹೇಳಬೇಕು. ಆದ್ದರಿಂದ ಪುಟದ ಮೂಲೆಯಲ್ಲಿ ಒಂದು ಚಿತ್ರ: ಕಣ್ಣು ಇದ್ದರೆ ನೋಡು, ಕಿವಿ ಇದ್ದರೆ ಕೇಳು, ಮೂಗು, ಕೈ. ಒಂದು ಪುಟಕ್ಕೆ ಒಂದೇ ಕೆಲಸ. ಸರ್ಕಾರಿ ಶಾಲೆಗಳಲ್ಲಿ ಚಿಕ್ಕ ಮಕ್ಕಳಿಗೆ ಆಟದ ಮೂಲಕ ಕಲಿಸುವ ನಮ್ಮ ನಲಿ-ಕಲಿ ಕಾರ್ಡುಗಳಲ್ಲಿ ಇಂಥ ಗುರುತುಗಳಿಂದಲೇ ಮಕ್ಕಳು ತಾವು ಏನು ಮಾಡಬೇಕು ಅಂತ ತಿಳಿದುಕೊಳ್ಳುತ್ತಿದ್ದವು, ನಾನೇನೂ ಹೊಸದಾಗಿ ಕಂಡುಹಿಡಿದಿಲ್ಲ.

ಕೊನೆಯ ಪುಟ ದೊಡ್ಡವರಿಗೆ. ಬಹಳ ಅನುಭವಿಸಿ ಬರೆದದ್ದು. ಭಾನುವಾರ ಅಪ್ಪ ಅಮ್ಮಂದಿರ ಜೊತೆ ಬಂದ ಮಕ್ಕಳಿಗೆ ಇದೇ ಪುಸ್ತಕ ಕೊಟ್ಟು ನೋಡಿದೆ. ಒಬ್ಬ ತಾಯಿ "ಬೇಗ ಬೇಗ ಬರಿ, ಬಿಸಿಲಾಗುತ್ತೆ" ಅನ್ನುತ್ತಿದ್ದರು. ಒಬ್ಬ ತಂದೆ ಮಗನ ಕೈಯಿಂದ ಕ್ರೇಯಾನ್ ಕಿತ್ತುಕೊಂಡು ತಾವೇ ಗೆರೆಯಿಂದಾಚೆ ಹೋಗದಂತೆ ನೀಟಾಗಿ ಬಣ್ಣ ತುಂಬಿದರು, ಮಗ ಪಕ್ಕದಲ್ಲಿ ನಿಂತು ಮೂಗೊರೆಸಿಕೊಳ್ಳುತ್ತಿದ್ದ. ಹಾಗಾಗಿ ಆ ಪುಟದಲ್ಲಿ ಹೀಗಿದೆ: ಮಗು ಕೇಳಿದ ಕೂಡಲೇ ಹೆಸರು ಹೇಳಬೇಡಿ, ನಿನಗೆ ಏನು ಕಾಣುತ್ತಿದೆ ಅಂತ ಕೇಳಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ. ಎರಡು ಪುಟ ಮುಗಿದರೂ ಸಾಕು, ಉಳಿದದ್ದು ಮುಂದಿನ ಸಲ. ದಯವಿಟ್ಟು ನೀವು ಬಣ್ಣ ಹಚ್ಚಬೇಡಿ.

ಈಗ ಕಾಗದದ ಲೆಕ್ಕ. ಒಂದು ಹಾಳೆಯನ್ನು ಎಂಟು ಭಾಗ ಆಗುವಂತೆ ಮಡಚಿ, ನಡುವೆ ಒಂದು ಸೀಳು ಕತ್ತರಿಸಿ, ಎರಡೂ ತುದಿ ಹಿಡಿದು ತಳ್ಳಿದರೆ ಎಂಟು ಪುಟದ ಪುಸ್ತಕವಾಗುತ್ತದೆ. ಪಿನ್ನಿಲ್ಲ, ಗೋಂದಿಲ್ಲ. ಎ4 ಹಾಳೆಯಲ್ಲಿ ಮಾಡಿದರೆ ಪುಟ ಅಂಗೈಗಿಂತ ಚಿಕ್ಕದಾಗುತ್ತದೆ, ಚಿಕ್ಕ ಮಕ್ಕಳು ಬಿಡಿಸುವುದೇ ದೊಡ್ಡದಾಗಿ, ಒಂದು ಇರುವೆಯ ತಲೆಗೇ ಜಾಗ ಮುಗಿಯಿತು. ಎ3 ಸರಿಹೋಗುತ್ತದೆ. ಸಾದಾ ಕಪ್ಪು ಬಿಳುಪು ಜೆರಾಕ್ಸ್, ಬಣ್ಣ ಮಕ್ಕಳು ಹಾಕುತ್ತಾರೆ. ಬಣ್ಣ ಹುಡುಕುವ ಆಟಕ್ಕೆ ಪೇಂಟ್ ಅಂಗಡಿಯಲ್ಲಿ ಹಳೇ ಶೇಡ್ ಕಾರ್ಡ್ ಕೇಳಿ ತಂದು ಕತ್ತರಿಸಿ ಒಂದೊಂದು ಚೂರು ಕೊಟ್ಟೆ. ಬರೆಯಲು ಕೆಳಗೆ ಗಟ್ಟಿ ಬೇಕಲ್ಲ, ಹಳೇ ನೋಟ್‌ಬುಕ್ಕಿನ ರಟ್ಟು, ಅದಕ್ಕೆ ದಾರದಲ್ಲಿ ಕಟ್ಟಿದ ಮೋಟು ಪೆನ್ಸಿಲ್. ದಾರ ಜಾಸ್ತಿ ಉದ್ದ ಬಿಡಬೇಡಿ, ಕತ್ತಿವರಸೆ ಶುರುವಾಗುತ್ತದೆ.

ಲಾಲ್‌ಬಾಗಿನ ಪುಸ್ತಕ ಹೊತ್ತು ಕಲಬುರಗಿಯ ಪಬ್ಲಿಕ್ ಗಾರ್ಡನ್ನಿಗೆ ಹೋದರೆ ಕೆಲಸಕ್ಕೆ ಬರುವುದಿಲ್ಲ, ಅಲ್ಲಿ ಬೇವಿನ ಮರದ ಕೆಳಗೆ ಕೂತು ಬೇರೆಯದೇ ಬರೆಯಬೇಕು. ಮೈಸೂರಿನ ಕಾರಂಜಿ ಕೆರೆಗೆ ಬೇರೆ, ಧಾರವಾಡದ ಸಾಧನಕೇರಿಗೆ ಬೇರೆ, ಮಂಗಳೂರಿನ ಕದ್ರಿ ಪಾರ್ಕಿಗೆ ಬೇರೆ. ಆಯಾ ಊರಿನ ಟೀಚರುಗಳು ಒಂದು ಮಳೆಗಾಲ, ಒಂದು ಬೇಸಿಗೆ ಅಲ್ಲಿ ಓಡಾಡಿ, ನಾಲ್ಕು ಮಕ್ಕಳ ಕೈಗೆ ಕೊಟ್ಟು ನೋಡಿ, ತಿದ್ದಿ ಮಾಡಬೇಕು. ಆಫೀಸಿನಲ್ಲಿ ಕೂತು ಮಾಡಿದರೆ ಮತ್ತೆ ಗೆರೆಯಿಲ್ಲದ ಅಳಿಲೇ ಬರುವುದು. ತೋಟಗಾರಿಕೆ ಇಲಾಖೆಯವರು ಫಲಪುಷ್ಪ ಪ್ರದರ್ಶನದ ಹೊತ್ತಿಗಾದರೂ ಗೇಟಿನಲ್ಲಿ ಇಂಥದ್ದೊಂದು ಹಾಳೆ ಇಟ್ಟರೆ ಎಷ್ಟು ಚೆನ್ನ. ಆ ಜನಜಂಗುಳಿಯಲ್ಲಿ ಮಕ್ಕಳಿಗೆ ಹೂವಿಗಿಂತ ದೊಡ್ಡವರ ಬೆನ್ನೇ ಜಾಸ್ತಿ ಕಾಣುವುದು.

ಈಗ ನಿಮ್ಮ ಹತ್ತಿರ ಕೋರಿಕೆ. ಬೇಸಿಗೆ ರಜೆ ಶುರುವಾಗುವ ಮುಂಚೆ ನಿಮ್ಮ ಪತ್ರಿಕೆಯ ಒಂದು ಪೂರ್ತಿ ಪುಟ ನನಗೆ, ಅಂದರೆ ಮಕ್ಕಳಿಗೆ, ಕೊಡಿ. ನಿನ್ನೆ ನಿಮ್ಮದೇ ಹಳೇ ಪತ್ರಿಕೆ ಮಡಚಿ ನೋಡಿದೆ. ಎಂಟು ಭಾಗ ಮಾಡಿದರೆ ಒಂದೊಂದು ಪುಟ ಪೋಸ್ಟ್‌ಕಾರ್ಡಿಗಿಂತ ಸ್ವಲ್ಪ ದೊಡ್ಡದೇ ಬರುತ್ತದೆ. ಕಾಗದ ತೆಳ್ಳಗಿದೆ, ತೊಗಟೆ ಚೆನ್ನಾಗಿ ಮೂಡುತ್ತದೆ, ಹೊಳಪಿಲ್ಲ, ಪೆನ್ಸಿಲ್ ಹತ್ತುತ್ತದೆ. ಹಿಂಬದಿಯಲ್ಲಿ ಜಾಹೀರಾತು ಇದೆಯಲ್ಲ ಅಂತ ನೀವು ಯೋಚಿಸಬೇಡಿ, ಮಡಚಿದಾಗ ಅದು ಒಳಗೆ ಅಡಗಿಹೋಗುತ್ತದೆ, ಅದರ ದುಡ್ಡು ನಿಮಗೆ ಬರಲಿ. ಚಿತ್ರಗಳನ್ನು ನನ್ನ ಮೊಮ್ಮಗಳ ಡ್ರಾಯಿಂಗ್ ಟೀಚರ್ ಬರೆದುಕೊಟ್ಟಿದ್ದಾರೆ, ಮೂಲಪ್ರತಿ ಸಿದ್ಧವಿದೆ, ನಿಮ್ಮ ಆಫೀಸಿಗೆ ತಂದು ಕೊಡುತ್ತೇನೆ. ಅಳಿಲಿಗೆ ಮೂರು ಗೆರೆ ಇದೆ, ಎಣಿಸಿ ನೋಡಿದ್ದೇನೆ.

ಇತಿ,
ಒಬ್ಬ ನಿವೃತ್ತ ಶಿಕ್ಷಕಿ,
ಬಸವನಗುಡಿ, ಬೆಂಗಳೂರು